ಮೊದಲ ಹನ್ನೆರಡು ಸೆಕೆಂಡಿನ ವೇಗ

ಹೋದ ವರ್ಷ ಮನೆ ಬದಲಿಸಿದಾಗ ಹೊಸ ಇಂಟರ್ನೆಟ್ ಹಾಕಿಸಿದೆ. ಏರಿಯಾದಲ್ಲೇ ಆಫೀಸ್ ಇರುವ ಚಿಕ್ಕ ಕಂಪನಿ, ಹೆಸರು ಬೇಡ. ಕೇಬಲ್ ಎಳೆಯಲು ಬಂದ ಹುಡುಗ ಚುರುಕಾಗಿದ್ದ. ಕಿಟಕಿ ಮೂಲೆಯಲ್ಲಿ ತೂತು ಕೊರೆದ, ವೈರ್ ಒಳಗೆ ತಂದ, ರೂಟರನ್ನು ಗೋಡೆಗೆ ತಗುಲಿಸಿದ. ಆಮೇಲೆ ತನ್ನ ಫೋನಿನಲ್ಲಿ ಸ್ಪೀಡ್ ಟೆಸ್ಟ್ ಒತ್ತಿ ನನ್ನ ಮುಂದೆ ಹಿಡಿದ. ಮುಳ್ಳು ಸರ್ರನೆ ಏರಿತು. "ನೋಡಿ ಸಾರ್, ನೀವು ತಗೊಂಡಿರೋದು ಐವತ್ತು. ಬರ್ತಾ ಇರೋದು ತೊಂಬತ್ತೆರಡು" ಅಂದ. ಕೊಟ್ಟ ದುಡ್ಡಿಗಿಂತ ಜಾಸ್ತಿ ಸಿಕ್ಕರೆ ಯಾರಿಗೆ ಬೇಡ? ಸಹಿ ಹಾಕಿ ಕಳಿಸಿದೆ.

ರಾತ್ರಿ ಲ್ಯಾಪ್‌ಟಾಪ್‌ಗೆ 4 ಜಿಬಿಯ ಒಂದು ಫೈಲ್ ಇಳಿಸಲು ಹಚ್ಚಿದೆ. ಶುರುವಿನಲ್ಲಿ ಸೆಕೆಂಡಿಗೆ 11 ಎಂಬಿ. ಅಡುಗೆಮನೆಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ 6 ಎಂಬಿ. ಅಲ್ಲಿಂದ ಮುಂದೆ ಮೊಳೆ ಹೊಡೆದ ಹಾಗೆ 6ಕ್ಕೇ ನಿಂತಿತು. ಡೌನ್‌ಲೋಡ್ ನಿಲ್ಲಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಶುರು ಮಾಡಿದೆ. ಮತ್ತೆ 11. ಹತ್ತು ಹನ್ನೆರಡು ಸೆಕೆಂಡ್ ಕಳೆದರೆ ಮತ್ತೆ 6. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಆಟ.

ಫೈಲ್ ಅಳೆಯುವುದು ಮೆಗಾಬೈಟ್ (ಎಂಬಿ) ಲೆಕ್ಕದಲ್ಲಿ, ಪ್ಲಾನ್ ಮಾರುವುದು ಸೆಕೆಂಡಿಗೆ ಇಷ್ಟು ಮೆಗಾಬಿಟ್ (ಎಂಬಿಪಿಎಸ್) ಎಂಬ ಲೆಕ್ಕದಲ್ಲಿ. ಒಂದು ಬೈಟಿಗೆ ಎಂಟು ಬಿಟ್. ಹಾಗಾಗಿ ಸೆಕೆಂಡಿಗೆ 6 ಎಂಬಿ ಅಂದರೆ 48 ಎಂಬಿಪಿಎಸ್. ನಾನು ದುಡ್ಡು ಕೊಟ್ಟ ಐವತ್ತು ಹೆಚ್ಚುಕಮ್ಮಿ ಬರುತ್ತಲೇ ಇದೆ. ಹುಡುಗ ತೋರಿಸಿದ ತೊಂಬತ್ತೆರಡೂ ಸುಳ್ಳಲ್ಲ. ಅದು ಬರೀ ಹನ್ನೆರಡು ಸೆಕೆಂಡ್ ಇರುತ್ತದೆ, ಅಷ್ಟೇ.

ನೆಟ್‌ವರ್ಕ್‌ನವರು ಇದನ್ನು 'ಬರ್ಸ್ಟ್' ಅನ್ನುತ್ತಾರೆ, ಜಾಹೀರಾತಿನವರು 'ಬೂಸ್ಟ್' ಅನ್ನುತ್ತಾರೆ. ವೈರ್ ಸರಿಯಿಲ್ಲದೆ ಆಗುವ ಏರಿಳಿತ ಅಲ್ಲ ಇದು. ಯಾರೋ ಕೂತು, ಲೆಕ್ಕ ಹಾಕಿ, ಬೇಕಂತಲೇ ಇಟ್ಟಿರುವ ಸೆಟ್ಟಿಂಗ್. ನನ್ನ ಮಟ್ಟಿಗೆ ಇದು ಒಳ್ಳೆಯ ಎಂಜಿನಿಯರಿಂಗೇ. ನನ್ನ ತಕರಾರು ಇರುವುದು ಬೇರೆ ಕಡೆ. ಒಂದೇ ಸಂಪರ್ಕಕ್ಕೆ ಎರಡು ವೇಗ ಇದ್ದಾಗ, ಮಾರುವ ಹೊತ್ತಿನಲ್ಲಿ ನಮ್ಮ ಮುಂದೆ ಹಿಡಿಯುವುದು ಒಂದನ್ನು ಮಾತ್ರ.

ಬೋರ್‌ವೆಲ್, ಟ್ಯಾಂಕ್, ಟೋಕನ್

ಬೇಸಿಗೆಯಲ್ಲಿ ಬೋರ್‌ವೆಲ್ ನಂಬಿಕೊಂಡ ಮನೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೋರ್ ಸಣ್ಣಗೆ ಎಳೆಯುತ್ತದೆ. ರಾತ್ರಿಯೆಲ್ಲ ಹನಿಹನಿಯಾಗಿ ಮೇಲಿನ ಟ್ಯಾಂಕ್ ತುಂಬುತ್ತದೆ. ಬೆಳಗ್ಗೆ ಮೊದಲು ಸ್ನಾನಕ್ಕೆ ಹೋದವರಿಗೆ ನಲ್ಲಿಯಲ್ಲಿ ಒಳ್ಳೆಯ ರಭಸ. ಮೂರನೆಯವರ ಹೊತ್ತಿಗೆ ಟ್ಯಾಂಕ್ ಬರಿದು. ಆಮೇಲೆ ಬೋರ್ ಎಷ್ಟು ಕೊಡುತ್ತದೋ ಅಷ್ಟೇ ನೀರು. ನಲ್ಲಿ ಅದೇ, ಪೈಪ್ ಅದೇ. ಒಂದರ್ಧ ಗಂಟೆ ಯಾರೂ ನೀರು ಮುಟ್ಟದಿದ್ದರೆ ಮತ್ತೆ ಸ್ವಲ್ಪ ರಭಸ.

ಬ್ರಾಡ್‌ಬ್ಯಾಂಡ್‌ನಲ್ಲೂ ಇದೇ ಲೆಕ್ಕ. ಇದರ ಹೆಸರು 'ಟೋಕನ್ ಬಕೆಟ್'. ನಿಮ್ಮ ಹೆಸರಿನಲ್ಲಿ ಕಂಪನಿಯ ಉಪಕರಣದೊಳಗೆ ಒಂದು ಬಕೆಟ್ ಇರುತ್ತದೆ. ಅದಕ್ಕೆ ಪ್ಲಾನಿನ ವೇಗದಲ್ಲಿ ಟೋಕನ್ ಬೀಳುತ್ತಾ ಇರುತ್ತವೆ. ನಿಮ್ಮ ಕಡೆ ಬರುವ ಪ್ರತಿ ಪ್ಯಾಕೆಟ್, ಅಂದರೆ ಡೇಟಾದ ಸಣ್ಣ ತುಂಡು, ತನ್ನ ತೂಕಕ್ಕೆ ತಕ್ಕಷ್ಟು ಟೋಕನ್ ಕೊಟ್ಟು ಮುಂದೆ ಹೋಗಬೇಕು. ನೀವು ಸುಮ್ನೆ ಕೂತಿದ್ದಾಗ ಟೋಕನ್ ಸೇರುತ್ತವೆ. ಬಕೆಟ್ ತುಂಬಿದ ಮೇಲೆ ಬಂದದ್ದು ಚೆಲ್ಲಿಹೋಗುತ್ತದೆ. ದೊಡ್ಡ ಡೌನ್‌ಲೋಡ್ ಶುರುವಾದಾಗ ಸೇರಿಸಿಟ್ಟ ಟೋಕನ್ ಎಲ್ಲ ಒಟ್ಟಿಗೆ ಖರ್ಚಾಗುತ್ತವೆ. ಆಗ ವೇಗ ಪ್ಲಾನಿಗಿಂತ ಮೇಲೆ ಹೋಗುತ್ತದೆ. ಎಷ್ಟು ಮೇಲೆ ಹೋಗಬಹುದು ಎನ್ನುವುದಕ್ಕೂ ಒಂದು ಮಿತಿ ಇಟ್ಟಿರುತ್ತಾರೆ.

ಅಲ್ಲಿಗೆ ಒಟ್ಟು ಮೂರು ಅಂಕಿ: ಬೋರ್ ಎಷ್ಟು ಎಳೆಯುತ್ತದೆ, ಟ್ಯಾಂಕ್ ಎಷ್ಟು ದೊಡ್ಡದು, ನಲ್ಲಿ ಎಷ್ಟು ಅಗಲ. ಕೇಬಲ್ ಮೋಡೆಮ್‌ಗಳ 'ಡಾಕ್ಸಿಸ್' ಮಾನದಂಡದಲ್ಲಿ ಈ ಮೂರಕ್ಕೂ ಬೇರೆಬೇರೆ ಕಾಲಂ ಇವೆ. ಮೋಡೆಮ್ ಆನ್ ಆದಾಗ ಒಂದು ಸಣ್ಣ ಫೈಲ್ ಇಳಿಸಿಕೊಳ್ಳುತ್ತದೆ. ನಿಮ್ಮ ಪ್ಲಾನಿನ ಈ ಅಂಕಿಗಳು ಅದರಲ್ಲೇ ಇರುತ್ತವೆ. ಪ್ಲಾನ್ ಬದಲಾಯಿತು ಅಂದರೆ ಆ ಫೈಲ್ ಬದಲಾಯಿತು ಅಂತ ಅರ್ಥ.

ಟ್ಯಾಂಕಿನ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಟ್ಯಾಂಕ್‌ನಲ್ಲಿ ಇರುವುದು ನಿಜವಾದ ನೀರು. ಬಕೆಟ್‌ನಲ್ಲಿ ಇರುವುದು ಬರೀ ಟೋಕನ್. ದರ್ಶಿನಿಯಲ್ಲಿ ದುಡ್ಡು ಕೊಟ್ಟು ತಗೊಂಡ ಟೋಕನ್ ಇದ್ದ ಹಾಗೆ. ಟೋಕನ್ ಕೈಯಲ್ಲಿದೆ ಅಂದಮಾತ್ರಕ್ಕೆ ದೋಸೆ ಕಾವಲಿ ಮೇಲೆ ಇರಬೇಕೆಂದಿಲ್ಲ. ಕೌಂಟರ್ ಖಾಲಿ ಇದ್ದರೆ ತಕ್ಷಣ ಸಿಗುತ್ತದೆ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಹೋದರೆ ಟೋಕನ್ ಹಿಡಿದುಕೊಂಡು ನಿಲ್ಲಬೇಕು. ಲೈನ್‌ನಲ್ಲಿ ಜಾಗ ಇದ್ದರೆ ಮಾತ್ರ ಬೂಸ್ಟ್. ಮಧ್ಯಾಹ್ನ ಮೂರು ಗಂಟೆಗೆ ಸಿಗುವ ಬೂಸ್ಟ್ ರಾತ್ರಿ ಒಂಬತ್ತಕ್ಕೆ ಸಿಗದೇ ಇರಬಹುದು.

ಬಕೆಟ್ ಮನೆಗೊಂದೇ, ಅದನ್ನೂ ಮರೆಯುವ ಹಾಗಿಲ್ಲ. ಒಂದು ಕೋಣೆಯಲ್ಲಿ ಯಾರೋ ದಿನವಿಡೀ ದೊಡ್ಡ ಗೇಮ್ ಇಳಿಸುತ್ತಾ ಕೂತಿದ್ದರೆ ಟೋಕನ್ ಸೇರುವುದೇ ಇಲ್ಲ. ಅಂಥ ಮನೆಯವರಿಗೆ ಬೂಸ್ಟ್ ಅನ್ನುವುದು ಇದೆ ಅಂತಲೂ ಗೊತ್ತಾಗಲ್ಲ.

ಹದಿಮೂರು ಸೆಕೆಂಡಿನ ಲಾಭ

ಈ ಲೆಕ್ಕಕ್ಕೆ ಬ್ರಾಂಡ್ ಹೆಸರಿಟ್ಟು ಊರೆಲ್ಲ ಸಾರಿದ್ದು ಅಮೆರಿಕದ ಕೇಬಲ್ ಕಂಪನಿ ಕಾಮ್‌ಕಾಸ್ಟ್. 2006ರ ಹೊತ್ತಿಗೆ ಅದು 'ಪವರ್‌ಬೂಸ್ಟ್' ಎಂಬ ಹೆಸರಿನಲ್ಲಿ ಇದನ್ನು ತಂದಿತು. 6 ಎಂಬಿಪಿಎಸ್ ತಗೊಂಡವರಿಗೆ ಸ್ವಲ್ಪ ಹೊತ್ತು 12, 8 ತಗೊಂಡವರಿಗೆ 16. ಹೆಚ್ಚುವರಿ ದುಡ್ಡಿಲ್ಲ. ಫೈಲಿನ ಮೊದಲ 10 ಎಂಬಿಗೆ ಈ ಬೂಸ್ಟ್ ಅನ್ವಯ ಎಂದು ಕಂಪನಿ ಗಿರಾಕಿಗಳಿಗೆ ವಿವರಿಸುತ್ತಿತ್ತು. ಕಾಕ್ಸ್ ಎಂಬ ಇನ್ನೊಂದು ಕೇಬಲ್ ಕಂಪನಿಯೂ ಅದೇ ದಾರಿ ಹಿಡಿಯಿತು.

ಆಗಲೇ ಯಾಕೆ? ಕೇಬಲ್‌ನವರಿಗೆ ಆ ಹೊತ್ತಿನಲ್ಲಿ ತಲೆನೋವು ಶುರುವಾಗಿತ್ತು. 2004ರಲ್ಲೇ ಫೋನ್ ಕಂಪನಿ ವೆರೈಜನ್ ಮನೆಮನೆಗೆ ಫೈಬರ್ ಎಳೆಯಲು ಶುರು ಮಾಡಿತ್ತು. ಕೇಬಲ್‌ನಲ್ಲಿ ಆಗ ಒಂದು ಟಿವಿ ಚಾನೆಲ್‌ನಷ್ಟು ಜಾಗದಲ್ಲಿ ಸುಮಾರು 38 ಎಂಬಿಪಿಎಸ್ ಹರಿಯುತ್ತಿತ್ತು. ಅದನ್ನು ನೂರಾರು ಮನೆ ಹಂಚಿಕೊಳ್ಳಬೇಕು. ಎಲ್ಲರಿಗೂ 12 ಎಂಬಿಪಿಎಸ್ ದಿನವಿಡೀ ಕೊಡುತ್ತೇವೆ ಅಂದರೆ ಮೂರು ಮನೆ ಒಟ್ಟಿಗೆ ಡೌನ್‌ಲೋಡ್ ಹಚ್ಚಿದರೂ ಲೈನ್ ಭರ್ತಿ. ಆದರೆ ಜನ ಹಾಗೆ ಬಳಸುವುದಿಲ್ಲ, ಅಲ್ವಾ? ಒಂದು ಪುಟ ತೆರೆಯುತ್ತಾರೆ, ಎರಡು ನಿಮಿಷ ಓದುತ್ತಾರೆ, ಇನ್ನೊಂದು ತೆರೆಯುತ್ತಾರೆ. ಆ ಎರಡು ನಿಮಿಷ ಲೈನ್ ಖಾಲಿ. ಖಾಲಿ ಓಡಿದ ಬಸ್ಸಿನ ಸೀಟನ್ನು ಮರುದಿನಕ್ಕೆ ಎತ್ತಿಡಲು ಆಗಲ್ಲ. ಆ ಕ್ಷಣಕ್ಕೆ ಬೇಕಾದವರಿಗೆ ಕೊಟ್ಟುಬಿಡುವುದೇ ಜಾಣತನ.

ಲಾಭ ಎಷ್ಟು ಅಂತ ನೋಡೋಣ. 6ರ ಪ್ಲಾನ್, 12ರವರೆಗೆ ಬೂಸ್ಟ್, ಬಕೆಟ್ 10 ಎಂಬಿ ಎಂದಿಟ್ಟುಕೊಳ್ಳಿ. 10 ಎಂಬಿ ಅಂದರೆ 80 ಮೆಗಾಬಿಟ್. ಸೆಕೆಂಡಿಗೆ 12 ಹೊರಗೆ, 6 ಒಳಗೆ, ಬಕೆಟ್‌ನಿಂದ ಕರಗುವುದು 6. ಸುಮಾರು 13 ಸೆಕೆಂಡಿನಲ್ಲಿ ಬರಿದು. ಆ ಕಾಲದ 5 ಎಂಬಿಯ ಎಂಪಿ3 ಹಾಡು ಏಳು ಸೆಕೆಂಡಿನ ಬದಲು ಮೂರೂವರೆ ಸೆಕೆಂಡಿಗೆ ಇಳಿಯುತ್ತದೆ. ಕಣ್ಣಿಗೆ ಕಾಣುವ ವ್ಯತ್ಯಾಸ. ಅದೇ 700 ಎಂಬಿಯ ಸಿನಿಮಾ ಆದರೆ? ಬೂಸ್ಟ್ ಇಲ್ಲದೆ ಹದಿನೈದೂವರೆ ನಿಮಿಷ. ಬೂಸ್ಟ್ ಇದ್ದರೆ ಅದರಲ್ಲಿ 13 ಸೆಕೆಂಡ್ ಕಮ್ಮಿ. ಅಷ್ಟೇ! ಹಾಡಿಗೆ ಅರ್ಧಕ್ಕರ್ಧ ಉಳಿತಾಯ, ಸಿನಿಮಾಕ್ಕೆ ಹದಿಮೂರು ಸೆಕೆಂಡ್. ವೇಗ ದುಪ್ಪಟ್ಟು ಎಂಬ ಜಾಹೀರಾತು ಹಾಡಿನ ಮಟ್ಟಿಗೆ ಸರಿ.

ಇದೇ ಕಾರಣಕ್ಕೆ ಆ ಹೆಸರು ಬಹಳ ಕಾಲ ಉಳಿಯಲಿಲ್ಲ. ಡಾಕ್ಸಿಸ್ 3.0 ಬಂದು ನಾಲ್ಕು ಚಾನೆಲ್ ಒಟ್ಟಿಗೆ ಕಟ್ಟಿ ನೂರೈವತ್ತು ಎಂಬಿಪಿಎಸ್ ಹರಿಸುವುದು ಸಾಧ್ಯವಾಯಿತು. ಪ್ಲಾನ್‌ಗಳೇ ದೊಡ್ಡದಾದವು. ಇನ್ನೊಂದು ಕಡೆ ಹಾಡು ಇಳಿಸುವ ಕಾಲ ಹೋಗಿ ಗಂಟೆಗಟ್ಟಲೆ ವಿಡಿಯೋ ನೋಡುವ ಕಾಲ ಬಂತು. 10 ಎಂಬಿಯ ಬಕೆಟ್ ಅದರ ಮುಂದೆ ಯಾವ ಲೆಕ್ಕ? 2010ರ ದಶಕದ ಮೊದಲರ್ಧದಲ್ಲಿ ಪವರ್‌ಬೂಸ್ಟ್ ಸದ್ದಿಲ್ಲದೆ ಮಾಯವಾಯಿತು. ಅದರ ಬದಲಿಗೆ ಕೇಬಲ್ ಕಂಪನಿಗಳು ಹಿಡಿದ ದಾರಿ ಇನ್ನೂ ಸರಳ. ಪ್ಲಾನ್ 100 ಅಂದರೆ ಒಳಗೆ 110ಕ್ಕೋ 120ಕ್ಕೋ ಸೆಟ್ ಮಾಡಿಬಿಡುವುದು. ಟೆಸ್ಟ್ ಯಾವಾಗ ಮಾಡಿದರೂ ಬರೆದದ್ದಕ್ಕಿಂತ ಚೂರು ಜಾಸ್ತಿಯೇ ಬರುತ್ತದೆ. ಗಿರಾಕಿ ಖುಷಿ, ದೂರು ಕಮ್ಮಿ.

ಬೂಸ್ಟ್ ಉಲ್ಟಾ ತಿರುಗಿದ್ದನ್ನೂ ಕಾಮ್‌ಕಾಸ್ಟ್ ಚರಿತ್ರೆಯಲ್ಲೇ ನೋಡಬಹುದು. 2007ರಲ್ಲಿ ಅದು ಜನ ತಮ್ಮತಮ್ಮಲ್ಲೇ ಫೈಲ್ ಹಂಚಿಕೊಳ್ಳುವ ಬಿಟ್‌ಟೊರೆಂಟ್ ಬಳಸುವವರ ಸಂಪರ್ಕಕ್ಕೆ ಅಡ್ಡಗಾಲು ಹಾಕುತ್ತಿದ್ದದ್ದು ಬಯಲಾಗಿ, ಮರುವರ್ಷ ಅಲ್ಲಿನ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ಅದನ್ನು ತರಾಟೆಗೆ ತೆಗೆದುಕೊಂಡಿತು. ಆಮೇಲೆ ಕಂಪನಿ ಹೊಸ ನಿಯಮ ತಂದಿತು. ನೀವು ಏನು ಇಳಿಸುತ್ತೀರಿ ಅಂತ ನೋಡುವುದಿಲ್ಲ. ಏರಿಯಾದ ಲೈನ್ ಭರ್ತಿಯಾಗುತ್ತಾ ಬಂದಾಗ, ಯಾರು 15 ನಿಮಿಷದಿಂದ ತಮ್ಮ ಪ್ಲಾನಿನ ಶೇ. 70ಕ್ಕಿಂತ ಹೆಚ್ಚು ಎಳೆಯುತ್ತಿದ್ದಾರೋ ಅವರನ್ನು ಸ್ವಲ್ಪ ಹೊತ್ತು ಸರತಿಯಲ್ಲಿ ಹಿಂದಕ್ಕೆ ನಿಲ್ಲಿಸುವುದು. ಬೂಸ್ಟ್ ಕೊಡುವುದು ಕಮ್ಮಿ ಬಳಸಿದವರಿಗೆ ಬಹುಮಾನ ಆದರೆ, ಇದು ಜಾಸ್ತಿ ಬಳಸಿದವರಿಗೆ ತಡೆ. ಎರಡರ ಹಿಂದೆ ಇರುವುದೂ ಅದೇ ಲೆಕ್ಕದ ಪುಸ್ತಕ.

ಅಂದಹಾಗೆ, ಬೆಂಗಳೂರಿನ ಸಾಫ್ಟ್‌ವೇರ್‌ನವರು ಇದನ್ನು ದಿನಾ ನೋಡುತ್ತಾರೆ. ಅಮೆಜಾನ್ ಕ್ಲೌಡ್‌ನಲ್ಲಿ 2014ರಿಂದ ಸಿಗುವ ಟಿ2 ಸರ್ವರ್‌ಗಳು ಕೆಲಸ ಮಾಡುವುದು ಹೀಗೇ. ಸುಮ್ನಿದ್ದಾಗ ಸಿಪಿಯು ಕ್ರೆಡಿಟ್ ಸೇರಿಸುತ್ತವೆ, ಕೆಲಸ ಬಂದಾಗ ಖರ್ಚು ಮಾಡುತ್ತವೆ, ಕ್ರೆಡಿಟ್ ಮುಗಿದರೆ ತೆವಳುತ್ತವೆ. ಶುಕ್ರವಾರ ಸಂಜೆ ಸರ್ವರ್ ಯಾಕೆ ಮಲಗಿತು ಅಂತ ಹುಡುಕಿದವರಿಗೆ ಬಕೆಟ್ ಪಾಠ ಬಾಯಿಪಾಠ ಆಗಿರುತ್ತದೆ.

ಏರಿಯಾ ಆಫೀಸಿನ ಕಪ್ಪು ಡಬ್ಬಿ

ಈಗ ನನ್ನ ಮನೆಯ ಹನ್ನೆರಡು ಸೆಕೆಂಡಿಗೆ ಬರೋಣ. ಭಾರತದ ಚಿಕ್ಕ ಪ್ರೊವೈಡರ್‌ಗಳ ಆಫೀಸಿಗೆ ಹೋದರೆ ಬಹಳ ಕಡೆ ಮೈಕ್ರೋಟಿಕ್ ರೂಟರ್ ಕಾಣುತ್ತದೆ. ಲಾಟ್ವಿಯಾದ ಕಂಪನಿ, ಕಮ್ಮಿ ಬೆಲೆಗೆ ಭಾರಿ ಕೆಲಸ ಮಾಡುವ ಡಬ್ಬಿ. ಅದರಲ್ಲಿ ಪ್ರತಿ ಗಿರಾಕಿಗೆ ಒಂದು 'ಕ್ಯೂ' ಮಾಡಬಹುದು. ಆ ಪರದೆಯಲ್ಲಿ ನಾಲ್ಕು ಕಾಲಂ ಮುಖ್ಯ. ಮ್ಯಾಕ್ಸ್ ಲಿಮಿಟ್, ಅಂದರೆ ಪ್ಲಾನಿನ ವೇಗ. ಬರ್ಸ್ಟ್ ಲಿಮಿಟ್, ಅಂದರೆ ತಾತ್ಕಾಲಿಕವಾಗಿ ಎಲ್ಲಿಯವರೆಗೆ ಏರಬಹುದು. ಬರ್ಸ್ಟ್ ಥ್ರೆಶೋಲ್ಡ್, ಅಂದರೆ ಸರಾಸರಿ ಎಷ್ಟು ದಾಟಿದರೆ ಬೂಸ್ಟ್ ನಿಲ್ಲಬೇಕು. ಕೊನೆಯದು ಬರ್ಸ್ಟ್ ಟೈಮ್.

ಈ ಕೊನೆಯದರಲ್ಲಿ ಹೊಸಬರು ಎಡವುತ್ತಾರೆ. ಬರ್ಸ್ಟ್ ಟೈಮ್ 30 ಸೆಕೆಂಡ್ ಅಂದರೆ 30 ಸೆಕೆಂಡ್ ಬೂಸ್ಟ್ ಅಂತ ಅಲ್ಲ. ಸರಾಸರಿ ಲೆಕ್ಕ ಹಾಕಲು ಹಿಂದಕ್ಕೆ ಎಷ್ಟು ಸೆಕೆಂಡ್ ನೋಡಬೇಕು ಅನ್ನುವುದು ಅದು. ನನ್ನ ಅನುಭವಕ್ಕೆ ಹೊಂದುವ ಅಂಕಿ ಹಾಕಿ ನೋಡಿ. ಪ್ಲಾನ್ 50, ಬರ್ಸ್ಟ್ ಲಿಮಿಟ್ 100, ಥ್ರೆಶೋಲ್ಡ್ 40, ಟೈಮ್ 30. ಸುಮ್ಮನಿದ್ದ ಸಂಪರ್ಕದಲ್ಲಿ ಡೌನ್‌ಲೋಡ್ ಶುರುವಾಯಿತು ಅನ್ನಿ. ಸೆಕೆಂಡಿಗೆ 100ರಂತೆ 12 ಸೆಕೆಂಡ್ ಆದಾಗ ಒಟ್ಟು 1,200 ಮೆಗಾಬಿಟ್. ಅದನ್ನು 30ರಿಂದ ಭಾಗಿಸಿದರೆ 40. ಥ್ರೆಶೋಲ್ಡ್ ಮುಟ್ಟಿತು, ಬೂಸ್ಟ್ ಬಂದ್. ಅಲ್ಲಿಂದ ಮುಂದೆ 50ರಲ್ಲೇ ಎಳೆಯುತ್ತಿದ್ದರೆ ಸರಾಸರಿ 40ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಹಾಗಾಗಿ ಮತ್ತೆ ಬೂಸ್ಟ್ ಸಿಗಲ್ಲ. ನಿಲ್ಲಿಸಿ ಒಂದು ನಿಮಿಷ ಕಾದರೆ ಸರಾಸರಿ ಸೊನ್ನೆಗೆ ಬರುತ್ತದೆ, ಮತ್ತೆ ಹನ್ನೆರಡು ಸೆಕೆಂಡ್ ತಯಾರ್.

ಸ್ಪೀಡ್ ಟೆಸ್ಟ್‌ನ ಡೌನ್‌ಲೋಡ್ ಭಾಗ ಸಾಮಾನ್ಯವಾಗಿ ಹತ್ತು ಹದಿನೈದು ಸೆಕೆಂಡಿನಲ್ಲಿ ಮುಗಿಯುತ್ತದೆ. ಮುಳ್ಳು ಕೆಳಗೆ ಬೀಳುವ ಮೊದಲೇ ಹುಡುಗ ಫೋನ್ ಜೇಬಿಗೆ ಹಾಕಿರುತ್ತಾನೆ.

ಇದನ್ನು ಬರೀ ಟೆಸ್ಟ್‌ಗೋಸ್ಕರ ಮಾಡುತ್ತಾರೆ ಅಂದರೆ ಅನ್ಯಾಯವಾದೀತು. ವಾಟ್ಸಾಪ್‌ನಲ್ಲಿ ಬಂದ ಮದುವೆ ವಿಡಿಯೋ, 60 ಎಂಬಿಯ ಆ್ಯಪ್ ಅಪ್‌ಡೇಟ್, ಕ್ಲಾಸಿನ ಪಿಡಿಎಫ್, ಇವೆಲ್ಲ ಹನ್ನೆರಡು ಸೆಕೆಂಡಿನ ಒಳಗೇ ಮುಗಿಯುವ ಕೆಲಸ. ನೂರರ ವೇಗದಲ್ಲಿ ಅಷ್ಟು ಹೊತ್ತಿಗೆ 150 ಎಂಬಿ ಇಳಿದಿರುತ್ತದೆ. ನನ್ನ ಮನೆಯ ಹೆಚ್ಚಿನ ಕೆಲಸ ಇಂಥದ್ದೇ. ಹಾಗಾಗಿ ಐವತ್ತರ ಬೆಲೆಗೆ ನೂರರ ಅನುಭವ ಅಂತ ಹೇಳಿದರೆ ಪೂರ್ತಿ ಬೂಸಿ ಅಲ್ಲ. ವೆಬ್ ಪುಟ ತೆರೆಯುವುದಕ್ಕೆ ಮಾತ್ರ ಇದರಿಂದ ಉಪಯೋಗ ಕಮ್ಮಿ. ಅಮೆರಿಕದ ಮನೆಗಳಲ್ಲಿ ಅಳತೆ ಮಾಡಿ 2013ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಸುಮಾರು 16 ಎಂಬಿಪಿಎಸ್ ದಾಟಿದ ಮೇಲೆ ವೇಗ ಏರಿಸಿದರೂ ಪುಟ ಬೇಗ ತೆರೆಯುವುದಿಲ್ಲ. ಪುಟಕ್ಕೆ ಬೇಕಾದ ನೂರು ಚೂರುಗಳನ್ನು ಒಂದೊಂದಾಗಿ ಕೇಳಿ ತರಿಸುವ ಓಡಾಟದಲ್ಲೇ ಹೊತ್ತು ಹೋಗುತ್ತದೆ.

ತೊಂದರೆ ಆಗುವುದು ಬೂಸ್ಟ್ ಮುಗಿಯುವ ಗಳಿಗೆಯಲ್ಲಿ. ವಿಡಿಯೋ ಪ್ಲೇಯರ್ ತನಗೆ ಬರುವ ವೇಗ ನೋಡಿ ಚಿತ್ರದ ಗುಣಮಟ್ಟ ಆರಿಸುತ್ತದೆ. ಕಮ್ಮಿ ವೇಗದ ಪ್ಲಾನ್‌ಗಳಲ್ಲಿ ಅದು ಮೊದಲ ಕೆಲವು ಸೆಕೆಂಡಿನ ಅಬ್ಬರ ನಂಬಿ ದೊಡ್ಡ ಚಿತ್ರ ಕೇಳುತ್ತದೆ. ಆಮೇಲೆ ಬೋರ್ ಸಣ್ಣಗಾಗುತ್ತದೆ. ಹೀರೋ ಎಂಟ್ರಿ ಹೊತ್ತಿಗೆ ಸರಿಯಾಗಿ ಚಿತ್ರ ಮಂಕಾಗುತ್ತದೆ. ಇನ್ನೊಂದು, ಒಳಗೆ ಬರುವ ವೇಗ ಥಟ್ಟನೆ ಅರ್ಧಕ್ಕೆ ಇಳಿದಾಗ ಹಿಂದೆ ಬರುತ್ತಿದ್ದ ಪ್ಯಾಕೆಟ್‌ಗಳು ಕ್ಯೂ ನಿಲ್ಲುತ್ತವೆ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ವಿಡಿಯೋ ಕಾಲ್ ನಡೆಯುತ್ತಿದ್ದರೆ ಮಾತು ಕಡಿದು ಕಡಿದು ಕೇಳುತ್ತದೆ. "ನೆಟ್ ಫಾಸ್ಟಾಗಿದೆ, ಆದ್ರೂ ಕಾಲ್ ಕಟ್ ಆಗ್ತಿದೆ" ಎಂಬ ದೂರಿನ ಹಿಂದೆ ಕೆಲವು ಸಲ ಇದೂ ಇರುತ್ತದೆ.

ಅಳೆಯುವವರಿಗೂ ಇದು ತಲೆನೋವೇ. 2011ರಲ್ಲಿ ಎಫ್‌ಸಿಸಿ ಮೊದಲ ಸಲ ದೇಶದ ಬ್ರಾಡ್‌ಬ್ಯಾಂಡ್ ವೇಗ ಅಳೆಯಲು ಹೊರಟಾಗ ಸಾವಿರಾರು ಮನೆಗಳಿಗೆ ಅಳೆಯುವ ಡಬ್ಬಿ ಕಳಿಸಿತು. ಕೆಲಸ ವಹಿಸಿಕೊಂಡದ್ದು ಸ್ಯಾಮ್‌ನೋಸ್ ಎಂಬ ಬ್ರಿಟಿಷ್ ಕಂಪನಿ. ಪವರ್‌ಬೂಸ್ಟ್ ಇರುವ ಕಂಪನಿಗಳ ಅಂಕಿ ಸುಮ್ಮನೆ ಉಬ್ಬಿ ಕಾಣಬಾರದು ಅಂತ ಅವರು ಒಂದು ಉಪಾಯ ಮಾಡಿದರು. 30 ಸೆಕೆಂಡಿನ ಟೆಸ್ಟ್‌ನಲ್ಲಿ ಮೊದಲ 5 ಸೆಕೆಂಡಿನ ವೇಗವನ್ನು ಬೇರೆ ಬರೆದರು, 25ರಿಂದ 30ನೇ ಸೆಕೆಂಡಿನ ವೇಗವನ್ನು ಬೇರೆ ಬರೆದರು. ಎರಡು ವೇಗಕ್ಕೆ ಎರಡು ಕಾಲಂ. ನನಗೆ ಬೇಕಿರುವುದೂ ಇಷ್ಟೇ.

ಟೆಸ್ಟ್‌ನ ಸರ್ವರ್ ಎಲ್ಲಿದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹೆಚ್ಚಿನ ಟೆಸ್ಟ್‌ಗಳು ಹತ್ತಿರದ ಸರ್ವರ್ ಆರಿಸುತ್ತವೆ. ಅದು ಎಷ್ಟೋ ಸಲ ನಿಮ್ಮ ಪ್ರೊವೈಡರ್‌ನ ಒಳಗೇ ಇರುತ್ತದೆ. ಮನೆಯಿಂದ ಆಫೀಸಿನವರೆಗೆ ರಸ್ತೆ ಚೆನ್ನಾಗಿದೆ ಅಂತ ಗೊತ್ತಾಗುತ್ತದೆ, ಆಚೆಯ ಹೈವೇ ಹೇಗಿದೆ ಅಂತ ಗೊತ್ತಾಗಲ್ಲ. 2016ರಲ್ಲಿ ನೆಟ್‌ಫ್ಲಿಕ್ಸ್ ತಂದ ಫಾಸ್ಟ್ ಡಾಟ್ ಕಾಮ್ ತನ್ನ ವಿಡಿಯೋ ಕೊಡುವ ಸರ್ವರ್‌ಗಳಿಂದಲೇ ಅಳೆಯುತ್ತದೆ. ಟೆಸ್ಟ್‌ಗೆ ಮಾತ್ರ ರಸ್ತೆ ಬಿಡಿಸುವುದು ಅಲ್ಲಿ ಕಷ್ಟ.

ತಿಂಗಳಿಡೀ ಓಡುವ ಟ್ಯಾಂಕ್

ಹನ್ನೆರಡು ಸೆಕೆಂಡಿನ ಬಕೆಟ್ ಬಹಳ ಜನರಿಗೆ ಕಾಣಿಸಲ್ಲ. ಆದರೆ ಅದೇ ಬಕೆಟ್‌ನ ದೊಡ್ಡಣ್ಣನ ಪರಿಚಯ ಎಲ್ಲರಿಗೂ ಇದೆ. ಅದೇ ಎಫ್‌ಯುಪಿ, ಅಂದರೆ ಪೂರ್ತಿ ವೇಗದಲ್ಲಿ ತಿಂಗಳಿಗೆ ಇಷ್ಟೇ ಡೇಟಾ ಎಂಬ ಮಿತಿ. ಇಲ್ಲಿ ಟ್ಯಾಂಕ್ ತುಂಬುವುದು ತಿಂಗಳಿಗೊಮ್ಮೆ, ಒಟ್ಟಿಗೆ. ತಿಂಗಳ ಮಧ್ಯೆ ಬರಿದಾದರೆ ಬೋರ್ ನೀರೇ ಗತಿ. ಈಗಿನ ಹಲವು ಫೈಬರ್ ಪ್ಲಾನ್‌ಗಳಲ್ಲಿ 'ಅನ್‌ಲಿಮಿಟೆಡ್' ಪದದ ಕೆಳಗೆ ಸಣ್ಣ ಅಕ್ಷರದಲ್ಲಿ 3,300 ಜಿಬಿ ಅಂತ ಇರುತ್ತದೆ.

100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 12.5 ಎಂಬಿ. ಆ ವೇಗದಲ್ಲಿ ಬಿಡುವಿಲ್ಲದೆ ಎಳೆದರೆ 3,300 ಜಿಬಿ ಮುಗಿಯಲು ಸುಮಾರು 73 ಗಂಟೆ ಸಾಕು. ಮೂರು ದಿನ. ತಿಂಗಳಿಗೆ ಹರಡಿ ನೋಡಿದರೆ ನೂರರ ಪ್ಲಾನಿನ ಸರಾಸರಿ ಬರೀ 10 ಎಂಬಿಪಿಎಸ್. ಕೇಳಿದರೆ ಗಾಬರಿ ಆಗುತ್ತದೆ. ಆದರೆ ಯಾರು ಹಾಗೆ ಎಳೆಯುತ್ತಾರೆ? ಒಂದು ಎಚ್‌ಡಿ ವಿಡಿಯೋ 5 ಎಂಬಿಪಿಎಸ್ ಅಂದುಕೊಂಡರೆ ಗಂಟೆಗೆ 2.25 ಜಿಬಿ. ಎರಡು ಟಿವಿ ಹಗಲೂ ರಾತ್ರಿ ತಿಂಗಳಿಡೀ ಓಡಿದರೂ 3,300ರ ಒಳಗೇ. ಸಂಸಾರಸ್ಥರಿಗೆ ಇದು ಧಾರಾಳವಾಯಿತು. ಡಿಶ್ ತರಹದ ಪೆಟ್ಟಿಗೆ ಮನೆ ಮೇಲಿಟ್ಟು 5ಜಿಯಲ್ಲಿ ಕೊಡುವ ಏರ್‌ಫೈಬರ್ ಪ್ಲಾನ್‌ಗಳಲ್ಲಿ 1,000 ಜಿಬಿಯ ಮಿತಿ ಇರುವುದುಂಟು. ಅಲ್ಲಿ ಟವರ್‌ನ ರೇಡಿಯೋ ತರಂಗವನ್ನು ಮೊಬೈಲ್‌ನವರ ಜೊತೆ ಹಂಚಿಕೊಳ್ಳಬೇಕು, ಟ್ಯಾಂಕ್ ಚಿಕ್ಕದಾಗುವುದು ಸಹಜ.

ಫೈಬರ್ ಕೂಡ ಹಂಚಿಕೆಯದ್ದೇ. ಜಿಪಾನ್ ಎಂಬ ಸಾಮಾನ್ಯ ಏರ್ಪಾಡಿನಲ್ಲಿ ಒಂದು ಎಳೆಯಲ್ಲಿ 2.488 ಜಿಬಿಪಿಎಸ್ ಬರುತ್ತದೆ. ಅದನ್ನು ಗಾಜಿನ ಸ್ಪ್ಲಿಟರ್ ಇಟ್ಟು 32 ಮನೆಗೋ 64 ಮನೆಗೋ ಒಡೆಯುತ್ತಾರೆ. 32 ಮನೆಗೆ ತಲಾ 100 ಮಾರಿದರೆ ಆಗಲೇ 3,200 ಎಂಬಿಪಿಎಸ್ ಮಾರಿದ ಹಾಗಾಯಿತು. ಇರುವುದು 2,488. ಐಪಿಎಲ್ ಫೈನಲ್ ದಿನ 32 ಮನೆಯವರೂ ಎಚ್‌ಡಿಯಲ್ಲಿ ಮ್ಯಾಚ್ ನೋಡಿದರೂ ಬೇಕಾಗುವುದು ಇನ್ನೂರು ಮುನ್ನೂರು ಎಂಬಿಪಿಎಸ್. ಆದ್ದರಿಂದ ಅಪಾರ್ಟ್‌ಮೆಂಟ್‌ನ ಫೈಬರ್ ಉಸಿರುಗಟ್ಟುವುದು ಅಪರೂಪ. ಚಿಕ್ಕ ಪ್ರೊವೈಡರ್ ಮೇಲಿನವರಿಂದ ಕೊಂಡು ತರುವ ಲಿಂಕ್ ಚಿಕ್ಕದಿದ್ದರೆ ರಾತ್ರಿ ಒಂಬತ್ತಕ್ಕೆ ಉಸಿರು ಕಟ್ಟುವುದು ಅಲ್ಲಿ.

ಖಾಲಿ ಸೀಟಿನ ಲೆಕ್ಕ ಕರ್ನಾಟಕದವರಿಗೆ ಹೊಸದೇನಲ್ಲ. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್‌ನ ಮೊದಲ ವರ್ಷಗಳಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಎಷ್ಟು ಬೇಕಾದರೂ ಇಳಿಸಿಕೊಳ್ಳಿ ಎಂಬ ಪ್ಲಾನ್ ಇತ್ತು. ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಚ್ಚಿ ಮತ್ತೆ ಮಲಗಿದವರಲ್ಲಿ ನಾನೂ ಒಬ್ಬ. ಏಳೂ ಐವತ್ತಕ್ಕೆ ಎದ್ದು ನಿಲ್ಲಿಸದಿದ್ದರೆ ಬಿಲ್ ನೋಡಿ ಅಪ್ಪ ಬೈಯುತ್ತಿದ್ದರು. ಇನ್ನೊಂದು ಬಗೆಯ ತಾತ್ಕಾಲಿಕ ಬೂಸ್ಟ್ 2020ರ ಮಾರ್ಚ್‌ನಲ್ಲಿ ಬಂತು. ಕೊರೊನಾ ಶುರುವಾಗಿ ಎಲ್ಲರೂ ಮನೆಯಿಂದ ಕೆಲಸಕ್ಕೆ ಕೂತಾಗ, ಬೆಂಗಳೂರಿನ ಆ್ಯಕ್ಟ್ ಫೈಬರ್‌ನೆಟ್ ತನ್ನ ಗಿರಾಕಿಗಳಿಗೆ ತಿಂಗಳ ಕೊನೆಯವರೆಗೆ ವೇಗವನ್ನು 300 ಎಂಬಿಪಿಎಸ್‌ಗೆ ಏರಿಸಿಕೊಳ್ಳಲು ಬಿಟ್ಟಿತು, ಎಫ್‌ಯುಪಿ ಇಲ್ಲದೆ. ಯಾರ ಮನೆಗೂ ಹೊಸ ವೈರ್ ಎಳೆಯಲಿಲ್ಲ. ಆ್ಯಪ್‌ನಲ್ಲಿ ಒತ್ತಿದರೆ ಆಯಿತು. ನಾವು 'ಪ್ಲಾನ್' ಅಂತ ತಿಂಗಳು ತಿಂಗಳು ದುಡ್ಡು ಕಟ್ಟುವುದು ಆಫೀಸಿನ ಕಂಪ್ಯೂಟರ್‌ನಲ್ಲಿರುವ ಒಂದು ಅಂಕಿಗೆ ಎಂಬುದು ಅವತ್ತಿನಷ್ಟು ಸ್ಪಷ್ಟವಾಗಿ ಯಾವತ್ತೂ ಕಂಡಿರಲಿಲ್ಲ.

ತಿಂಗಳ ಬಕೆಟ್ ವಿಷಯದಲ್ಲಿ ನಮ್ಮ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ಸ್ವಲ್ಪ ಗಟ್ಟಿಯಾಗಿಯೇ ನಡೆದುಕೊಂಡಿದೆ. 2016ರ ನಿರ್ದೇಶನದ ಪ್ರಕಾರ ಪ್ರೊವೈಡರ್‌ಗಳು ಡೇಟಾ ಮಿತಿ ಎಷ್ಟು, ಅಲ್ಲಿಯವರೆಗೆ ವೇಗ ಎಷ್ಟು, ಆಮೇಲೆ ಎಷ್ಟು ಎಂಬುದನ್ನು ಹೇಳಲೇಬೇಕು. ಮಿತಿ ದಾಟಿದ ಮೇಲೂ 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಸುವಂತಿಲ್ಲ ಎಂದೂ ಅದರಲ್ಲಿತ್ತು. ಆಗ ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಬೇಕಿದ್ದ ಕನಿಷ್ಠ ವೇಗವೇ ಅದು. 2023ರಲ್ಲಿ ಆ ಕನಿಷ್ಠವನ್ನು 2 ಎಂಬಿಪಿಎಸ್‌ಗೆ ಏರಿಸಿದರು. ಮಿತಿ ಮುಗಿದ ಮೇಲೆ 1 ಎಂಬಿಪಿಎಸ್ ಎಂದು ಬರೆದ ಪ್ಲಾನ್‌ಗಳೂ ಇವೆ. ಅಂದರೆ ತಿಂಗಳ ಕೊನೆಯಲ್ಲಿ ಅವು ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳುವುದೇ ಇಲ್ಲ!

ಬ್ರಿಟನ್ನಿನವರು 'ಅಪ್ ಟು' ಎಂಬ ಪದವನ್ನೇ ಹಿಡಿದುಕೊಂಡರು. ಮೊದಲು ಹತ್ತರಲ್ಲಿ ಒಬ್ಬರಿಗೆ ಸಿಗುವ ವೇಗವನ್ನು ಜಾಹೀರಾತಿನಲ್ಲಿ ಹಾಕಬಹುದಿತ್ತು. 2018ರ ಮೇ ತಿಂಗಳಿಂದ, ರಾತ್ರಿ 8ರಿಂದ 10ರ ಜನಸಂದಣಿಯ ಹೊತ್ತಿನಲ್ಲಿ ಕನಿಷ್ಠ ಅರ್ಧದಷ್ಟು ಗಿರಾಕಿಗಳಿಗೆ ಸಿಗುವ ವೇಗವನ್ನೇ ಹಾಕಬೇಕು. ಅಮೆರಿಕದಲ್ಲಿ 2024ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಬಿಸ್ಕತ್ ಪ್ಯಾಕೆಟ್ ಹಿಂದಿನ ಪಟ್ಟಿಯ ತರಹದ್ದೊಂದು ಲೇಬಲ್ ಕೊಡುತ್ತಿವೆ. ಬೆಲೆ, ಮಾಮೂಲಿ ವೇಗ, ಡೇಟಾ ಮಿತಿ ಎಲ್ಲ ಒಂದೇ ಕಡೆ. ನಮ್ಮಲ್ಲಿ ಅಂಥ ಲೇಬಲ್ ಬಂದರೆ ಅದರಲ್ಲಿ ಇನ್ನೊಂದು ಸಾಲು ಸೇರಲಿ ಎಂಬುದು ನನ್ನ ಆಸೆ: ಮೂರನೇ ನಿಮಿಷದ ವೇಗ.

ಅಲ್ಲಿಯವರೆಗೆ ನಾವೇ ನೋಡಿಕೊಳ್ಳಬಹುದು. ವೈಫೈ ಬಿಟ್ಟು ಲ್ಯಾಪ್‌ಟಾಪನ್ನು ರೂಟರ್‌ಗೆ ವೈರ್‌ನಲ್ಲಿ ಚುಚ್ಚಿ. ರಾತ್ರಿ ಒಂಬತ್ತರ ಹೊತ್ತಿಗೆ ನಾಲ್ಕೈದು ಜಿಬಿಯ ಯಾವುದಾದರೂ ಫೈಲ್ ಹಚ್ಚಿ, ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಆದರೂ ಸರಿ. ಹತ್ತನೇ ಸೆಕೆಂಡಿನಲ್ಲಿ ಒಂದು ಸಲ ಬರೆದುಕೊಳ್ಳಿ, ಮೂರನೇ ನಿಮಿಷದಲ್ಲಿ ಇನ್ನೊಂದು ಸಲ. ಎಂಟರಿಂದ ಗುಣಿಸಿದರೆ ಎಂಬಿಪಿಎಸ್. ಎರಡೂ ಒಂದೇ ಇದ್ದರೆ ಆ ಹೊತ್ತಿಗೆ ನಿಮಗೆ ಬರ್ಸ್ಟ್ ಸಿಗುತ್ತಿಲ್ಲ. ಎರಡನೆಯದು ಪ್ಲಾನಿಗೆ ಸಮ ಇದ್ದರೆ ತಕರಾರಿಲ್ಲ. ಎರಡನೆಯದು ಪ್ಲಾನಿಗಿಂತ ತೀರಾ ಕೆಳಗಿದ್ದರೆ ಮಾತ್ರ ಫೋನ್ ಎತ್ತಿಕೊಳ್ಳಿ.

ನಾನು ಫೋನ್ ಮಾಡಲಿಲ್ಲ. ರಿನ್ಯೂ ಮಾಡಿಸಲು ಏರಿಯಾ ಆಫೀಸಿಗೆ ಹೋದಾಗ ಕೌಂಟರ್‌ನಲ್ಲಿದ್ದ ಹುಡುಗಿಯನ್ನು ಕೇಳಿದೆ, "ನಿಮ್ಮ ಐವತ್ತರ ಪ್ಲಾನ್‌ನಲ್ಲಿ ಬರ್ಸ್ಟ್ ಎಷ್ಟಮ್ಮ?" ಅವಳಿಗೆ ಅರ್ಥವಾಗಲಿಲ್ಲ. ಒಳಗಿನಿಂದ ನೆಟ್‌ವರ್ಕ್ ನೋಡಿಕೊಳ್ಳುವವರು ಬಂದರು. ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು.

"ಹನ್ನೆರಡು ಸೆಕೆಂಡ್ ಸಾರ್, ನೂರರವರೆಗೆ. ನಿಮಗೆ ಹೇಗೆ ಗೊತ್ತಾಯ್ತು? ಬೇಡ ಅಂದ್ರೆ ಹೇಳಿ, ತೆಗೆದುಬಿಡ್ತೀನಿ."

"ಅಯ್ಯೋ ಬೇಡ, ಇರಲಿ ಬಿಡಿ" ಅಂದೆ. "ಆದರೆ ರಸೀದಿಯಲ್ಲಿ ಅದನ್ನೂ ಬರೆದುಕೊಡಿ. ಮೊದಲು ನೂರು, ಆಮೇಲೆ ಐವತ್ತು ಅಂತ."

ಅವರು ರಸೀದಿ ಪುಸ್ತಕ ತಿರುಗಿಸಿ ತೋರಿಸಿದರು. ಸ್ಪೀಡ್ ಅಂತ ಒಂದೇ ಚೌಕ ಇತ್ತು. "ಎಲ್ಲಿ ಬರೀಲಿ ಸಾರ್?"